ಸೆಲ್ ಕೌಂಟರ್ ಕೊಂಡ್ಕೊಳ್ಳೋದಾ, ಟೆಸ್ಟಿಗಿಷ್ಟು ಅಂತ ಹಾಕಿಸ್ಕೊಳ್ಳೋದಾ?

ಮಲೆನಾಡ ಡಾಕ್ಟ್ರು:
ಎಲ್ರಿಗೂ ನಮಸ್ಕಾರ. ನಮ್ದು ತೀರ್ಥಹಳ್ಳಿ ಕಡೆ 18 ಬೆಡ್ಡಿನ ನರ್ಸಿಂಗ್ ಹೋಂ, ನಾನೂ ನನ್ನ ಹೆಂಡ್ತೀನೂ ಇಬ್ರೇ ಡಾಕ್ಟ್ರು. ಲ್ಯಾಬಲ್ಲಿ ರಕ್ತದ ಕಣ ಎಣಿಸೋ ಹಳೇ ಸೆಲ್ ಕೌಂಟರ್ ಕೈಕೊಟ್ಟಿದೆ, ಬಿಳಿ ರಕ್ತಕಣದ ಐದು ವಿಧಾನೂ ಬೇರೆ ಬೇರೆ ಎಣಿಸೋ ಫೈವ್ ಪಾರ್ಟ್ ಮಷಿನ್ ಹಾಕ್ಬೇಕು. ಡೀಲರ್ ಎರಡು ಕೊಟೇಶನ್ ಕೊಟ್ಟಿದಾರೆ. 6.5 ಲಕ್ಷ ಕೊಟ್ಟು ಕೊಂಡ್ರೆ ರೀಏಜೆಂಟ್ (ಟೆಸ್ಟಿಗೆ ಬೇಕಾದ ದ್ರಾವಣ) ಖರ್ಚು ಒಂದು ಸಿಬಿಸಿಗೆ, ಅಂದ್ರೆ ರಕ್ತಕಣಗಳ ಪೂರ್ತಿ ಎಣಿಕೆಯ ಒಂದು ಟೆಸ್ಟಿಗೆ, 28 ರೂಪಾಯಿ ಬೀಳುತ್ತೆ. ಇಲ್ಲಾಂದ್ರೆ ಮಷಿನ್ನಿಗೆ ಒಂದು ಪೈಸೆ ಬೇಡ, ಟೆಸ್ಟಿಗೆ 55 ರೂಪಾಯಿ, ರೀಏಜೆಂಟು ರಿಪೇರಿ ಎಲ್ಲ ಅವ್ರದ್ದೇ, ಆದ್ರೆ 5 ವರ್ಷದ ಅಗ್ರಿಮೆಂಟು, ತಿಂಗಳಿಗೆ ಮಿನಿಮಮ್ 900 ಟೆಸ್ಟು. ನಮ್ಮಲ್ಲಿ ಮಾಮೂಲಿ ತಿಂಗಳು 600 ಆಗುತ್ತೆ, ಮಳೆಗಾಲದ ನಾಲ್ಕು ತಿಂಗಳು ಡೆಂಗಿ ಜ್ವರದಿಂದ 1500ಕ್ಕೆ ಹೋಗುತ್ತೆ. ಬಿಲ್ಡಿಂಗ್ ಸಾಲ ಇನ್ನೂ ತೀರಿಲ್ಲ, ಅದಕ್ಕೇ ಎರಡನೇದೇ ವಾಸಿ ಅನ್ನಿಸ್ತಿದೆ. ಅನುಭವ ಇದ್ದೋರು ಹೇಳಿ.

ದಾವಣಗೆರೆ ಲ್ಯಾಬ್:
ಡಾಕ್ಟ್ರೇ, ಆ 900ನ್ನ ಪ್ರತಿ ತಿಂಗಳೂ ಬೇರೆ ಬೇರೆ ನೋಡ್ತಾರೋ, ವರ್ಷಕ್ಕೆ ಒಟ್ಟು ಸೇರಿಸಿ ನೋಡ್ತಾರೋ, ಮೊದ್ಲು ಅದನ್ನ ಕೇಳಿ. ನೀವು ಹೇಳಿದ ಲೆಕ್ಕದಲ್ಲಿ ವರ್ಷಕ್ಕೆ 10,800 ಟೆಸ್ಟು, ಅಂದ್ರೆ ಸರಿಯಾಗಿ 900 ಇಂಟು 12. ವರ್ಷದ ಲೆಕ್ಕ ಆದ್ರೆ ನಿಮ್ಗೆ ಒಂದು ರೂಪಾಯಿ ದಂಡ ಇಲ್ಲ. ತಿಂಗಳ ಲೆಕ್ಕ ಆದ್ರೆ ಎಂಟು ತಿಂಗಳು 300, 300 ಕಮ್ಮಿ ಬಿದ್ದು, ಮಾಡದೇ ಇರೋ ಟೆಸ್ಟಿಗೆ 1,32,000 ಕಟ್ತೀರಿ, ಆ ತಿಂಗಳಲ್ಲಿ ನಿಮ್ಗೆ ಒಂದು ಸಿಬಿಸಿ 82.50 ಬಿತ್ತು ಅಂತ ಲೆಕ್ಕ. ಮಳೆಗಾಲದಲ್ಲಿ ಜಾಸ್ತಿ ಮಾಡಿದ್ದನ್ನ ಅವ್ರು ಅದಕ್ಕೆ ವಜಾ ಹಾಕಲ್ಲ.

ಇನ್ನು ಕೊಂಡ್ರೆ ಟೆಸ್ಟಿಗೆ 27 ಉಳಿಯುತ್ತೆ, ವರ್ಷಕ್ಕೆ ಹತ್ತತ್ರ 2.9 ಲಕ್ಷ. ಬಡ್ಡಿ, ವಾರಂಟಿ ಮುಗಿದ್ಮೇಲೆ ಸಿಎಂಸಿ (ಬಿಡಿಭಾಗವೂ ಸೇರಿದ ರಿಪೇರಿ ಒಪ್ಪಂದ) ಎಲ್ಲ ಸೇರಿಸಿದ್ರೂ ಮೂರು ವರ್ಷದ ಆಸುಪಾಸಲ್ಲಿ ಹಾಕಿದ ದುಡ್ಡು ವಾಪಸ್. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ವೈದ್ಯಕೀಯ ಉಪಕರಣಗಳ ಜಿಎಸ್‌ಟಿ 5 ಪರ್ಸೆಂಟಿಗೆ ಇಳಿದಿದೆ, ಹಳೇ ಕೊಟೇಶನ್ ಇದ್ರೆ ಹೊಸದು ಕೇಳಿ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲದೇ ಇರೋದ್ರಿಂದ ನಾವು ಕಟ್ಟಿದ ಟ್ಯಾಕ್ಸಿಗೆ ಇನ್‌ಪುಟ್ ಕ್ರೆಡಿಟ್ ಅಂತ ಏನೂ ವಾಪಸ್ ಸಿಗಲ್ಲ, ಅದೂ ಖರ್ಚೇ.

ಟೆಕ್ನಿಷಿಯನ್ ಅಕ್ಕ:
ಸರ್, ಬಿಲ್ ಯಾವ ನಂಬರ್ ನೋಡಿ ಮಾಡ್ತಾರೆ ಅಂತ ಬರೆಸ್ಕೊಳ್ಳಿ. ನಾನು ಮುಂಚೆ ಇದ್ದ ಕಡೆ ಮಷಿನ್ನಿನ ಕೌಂಟರ್ ನೋಡಿ ಮಾಡ್ತಿದ್ರು, ಮಷಿನ್ ಸರಿಯಾಗಿ ತೋರಿಸ್ತಿದೆಯಾ ಅಂತ ನೋಡೋಕೆ ಬೆಳಿಗ್ಗೆ ಹಾಕೋ ಕಂಟ್ರೋಲು, ರಿಪೀಟು ಎಲ್ಲದಕ್ಕೂ ದುಡ್ಡು. ಡೆಂಗಿ ಟೈಮಲ್ಲಿ ಪ್ಲೇಟ್‌ಲೆಟ್ 20 ಸಾವಿರ ಅಂತ ಬಂದ್ರೆ ಯಾರಾದ್ರೂ ಒಂದೇ ಸಲಕ್ಕೆ ರಿಪೋರ್ಟ್ ಕೊಡ್ತಾರಾ, ಇನ್ನೊಂದ್ಸಲ ಓಡಿಸಿ ಸ್ಮಿಯರ್, ಅಂದ್ರೆ ಗಾಜಿನ ಮೇಲೆ ಹಚ್ಚಿದ ರಕ್ತಾನ ಮೈಕ್ರೋಸ್ಕೋಪಲ್ಲಿ, ನೋಡ್ಲೇಬೇಕು. ರಿಪೀಟಿಗೆ ದುಡ್ಡು ಹೋಗುತ್ತೆ ಅಂತ ಮ್ಯಾನೇಜರ್ ಬೈದ್ರೆ ಹೊಸ ಹುಡುಗೀರು ಹೆದ್ರಿ ರಿಪೀಟೇ ಮಾಡಲ್ಲ, ಪೇಷಂಟಿಗೆ ಎಷ್ಟು ಅಪಾಯ ಯೋಚ್ನೆ ಮಾಡಿ.

ಬಯೋಮೆಡಿಕಲ್ ಹುಬ್ಬಳ್ಳಿ:
ನಾ ಸರ್ವಿಸ್ ಕಡೆಯಿಂದ ಒಂದು ಮಾತು ಹೇಳ್ತೀನ್ರಿ. ಟೆಸ್ಟಿಗಿಷ್ಟು ಅನ್ನೋದ್ರಾಗ ದೊಡ್ಡ ಅನುಕೂಲ ಅಂದ್ರ ಮಷಿನ್ ನಿಂತ್ರ ಕಂಪನಿಗೂ ಲುಕ್ಸಾನ, ಅದಕ್ಕ ಎಂಜಿನಿಯರ್ ಓಡಿ ಬರ್ತಾನ. ಮಿನಿಮಮ್ ಅಂತ ಹಾಕಿದ್ರ ಆ ಅನುಕೂಲಾನೇ ಹೋತು, ಮಷಿನ್ ಎಂಟು ದಿನ ನಿಂತ್ರೂ ಅವರ ದುಡ್ಡು ಅವರಿಗೆ ಬರ್ತೈತಿ. ಬಂದ್ ಇದ್ದಷ್ಟು ದಿನ ಮಿನಿಮಮ್ ಒಳಗ ಕಳೀಬೇಕು ಅಂತ ಬರೆಸ್ರಿ. ಮತ್ತ ಇದೇ ಪದ್ಧತಿ ಸ್ಕ್ಯಾನಿಂಗ್ ಮಷಿನ್ನಿಗೆ ನಡೀತೈತಿ ಅಂತ ಯಾರಾದ್ರೂ ಬಂದ್ರ ಹುಷಾರ್ರಿ, ಹೊಟ್ಟ್ಯಾಗಿನ ಕೂಸಿನ ಲಿಂಗ ಪತ್ತೆ ತಡಿಯೂ ಕಾಯ್ದೆ ಪಿಸಿಪಿಎನ್‌ಡಿಟಿ ಒಳಗ ನೋಂದಣಿ ಇಲ್ಲದ ಜಾಗಕ್ಕ ಅದನ್ನ ಬಾಡಿಗಿಗೂ ಕೊಡೂ ಹಂಗಿಲ್ಲ.

ಮಲೆನಾಡ ಡಾಕ್ಟ್ರು:
ತುಂಬಾ ಉಪಕಾರ ಆಯ್ತು. ಡೀಲರಿಗೆ ಫೋನ್ ಮಾಡ್ದೆ, ತಿಂಗಳ ಲೆಕ್ಕಾನೇ ಅಂತೆ. ಬೇಸಿಗೇಲಿ 900 ತುಂಬಿಸೋಕೆ ಅಂತ ಬೇಡದೇ ಇರೋರಿಗೂ ಸಿಬಿಸಿ ಬರೆಯೋ ಸ್ಥಿತಿ ನಮಗೆ ಬರೋದು ಬೇಡ ಅಂತ ಹೆಂಡ್ತಿ ಖಡಾಖಂಡಿತ ಹೇಳಿದಾಳೆ, ನನಗೂ ಅದೇ ಸರಿ ಕಾಣ್ಸುತ್ತೆ. ವರ್ಷಕ್ಕೆ 10,800, ಕಂಟ್ರೋಲು ರಿಪೀಟು ಬಿಟ್ಟು, ಬಂದ್ ದಿನ ಕಳೆದು ಅಂತ ಬರೆದುಕೊಟ್ರೆ ಹಾಕಿಸ್ಕೊತೀವಿ, ಇಲ್ಲಾಂದ್ರೆ ಸೊಸೈಟೀಲಿ ಸಾಲ ಕೇಳಿ ಕೊಂಡ್ಕೊತೀವಿ. ಸೋಮವಾರ ಬರ್ತೀನಿ ಅಂದಿದಾರೆ.