ಡೆಂಗಿ ಆಗಿ ಮೂರು ತಿಂಗಳಿಗೆ ಕೂದಲು ಉದುರುತ್ತಿದೆ, ಅನುಭವ ಇದ್ದವರು ಹೇಳಿ

ಕೇಳಿದವರು, ಬೆಂಗಳೂರು:
ಆಗಸ್ಟ್‌ನಲ್ಲಿ ಡೆಂಗಿ ಆಗಿತ್ತು. ಈಗ ನವೆಂಬರ್. ತಲೆಗೆ ನೀರು ಹಾಕಿಕೊಂಡರೆ ಬಚ್ಚಲ ಜಾಲರಿ ಮುಚ್ಚಿಹೋಗುವಷ್ಟು ಕೂದಲು. ಜಡೆಗೆ ರಬ್ಬರ್ ಬ್ಯಾಂಡ್ ಎರಡು ಸುತ್ತು ಸಾಕಾಗ್ತಿತ್ತು, ಈಗ ನಾಲ್ಕು ಸುತ್ತು ಹಾಕಿದರೂ ಜಾರುತ್ತೆ. ನಮ್ಮತ್ತೆ ಬೋರ್‌ವೆಲ್ ನೀರು ಅಂತಾರೆ, ಅಮ್ಮ ದೃಷ್ಟಿ ಅಂತಾರೆ. ಎಣ್ಣೆ, ಶಾಂಪೂ ಎರಡೂ ಬದಲಾಯಿಸಿ ಆಯ್ತು. ವಯಸ್ಸು 31. ಕೂದಲು ಮತ್ತೆ ಬರುತ್ತಾ?

ದಾವಣಗೆರೆಯಿಂದ:
ತಂಗಿ, ಬರುತ್ತೆ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಆಗಸ್ಟ್, ನವೆಂಬರ್. ನನಗೆ ಟೈಫಾಯ್ಡ್ ಬಂದು ಹೋದ ಮೇಲೆ ಥೇಟ್ ಹೀಗೇ ಆಯ್ತು. ಜ್ವರದಲ್ಲಿ ಮಲಗಿದ್ದಾಗ ಒಂದು ಕೂದಲೂ ಉದುರಲಿಲ್ಲ. ಚೇತರಿಸಿಕೊಂಡು ಕೆಲಸಕ್ಕೆ ಹೋಗೋಕೆ ಶುರು ಮಾಡಿದ ಮೇಲೆ ದಿಂಬಿನ ತುಂಬಾ ಕೂದಲು. ಚರ್ಮದ ಡಾಕ್ಟರು ಯಾವ ಎಣ್ಣೆ ಹಚ್ತೀರಿ ಅಂತ ಕೇಳಲೇ ಇಲ್ಲ. "ಮೂರು ತಿಂಗಳ ಹಿಂದೆ ಏನಾಗಿತ್ತು?" ಅಂದರು. ಆಮೇಲೆ ಐವತ್ತು ಕೂದಲಿನಷ್ಟು ಒಂದು ಎಳೆಯನ್ನು ಬೆರಳ ನಡುವೆ ಹಿಡಿದು ಮೆಲ್ಲಗೆ ಜಗ್ಗಿದರು. ಕೈಗೆ ಬಂದ ಏಳೆಂಟು ಕೂದಲನ್ನು ಕಪ್ಪು ಕಾಗದದ ಮೇಲಿಟ್ಟು ತೋರಿಸಿದರು. ಪ್ರತಿಯೊಂದರ ಬುಡದಲ್ಲೂ ಸಾಸಿವೆಗಿಂತ ಸಣ್ಣ ಬಿಳಿ ಗಂಟು. ನಾನು ಅದನ್ನೇ ಬೇರು ಕಿತ್ತು ಬಂತು ಅಂತ ಅತ್ತಿದ್ದು! ಅದು ಬೇರಲ್ಲವಂತೆ. ವಿಶ್ರಾಂತಿ ಮುಗಿಸಿದ ಕೂದಲಿನ ಗುರುತು. ಬೇರು ಚರ್ಮದೊಳಗೆ ಹಾಗೇ ಇರುತ್ತೆ.

ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು. ಅದರಲ್ಲಿ ನೂರಕ್ಕೆ 85ರಿಂದ 90 ಬೆಳೀತಾ ಇರುತ್ತವೆ, ಉಳಿದವು ವಿಶ್ರಾಂತಿಯಲ್ಲಿ. ದಿನಕ್ಕೆ 50ರಿಂದ 100 ಉದುರುವುದು ಎಲ್ಲರಿಗೂ ಇದ್ದದ್ದೇ. ಜೋರು ಜ್ವರ, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ಇಂಥದ್ದು ಬಂದಾಗ ದೇಹ ಬೆಳೆಯುವ ಕೂದಲನ್ನು ಗುಂಪಾಗಿ ವಿಶ್ರಾಂತಿಗೆ ತಳ್ಳಿಬಿಡುತ್ತೆ. ಆ ವಿಶ್ರಾಂತಿ ಎರಡು ಮೂರು ತಿಂಗಳಿನದು. ಅದು ಮುಗಿದಾಗ ಎಲ್ಲವೂ ಒಟ್ಟಿಗೆ ಉದುರುತ್ತವೆ. 1961ರಲ್ಲಿ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಇದಕ್ಕೆ ಟೆಲೋಜೆನ್ ಎಫ್ಲುವಿಯಮ್ ಅಂತ ಹೆಸರಿಟ್ಟರು. ಕೋವಿಡ್ ಬಂದುಹೋದವರು ಆಮೇಲೆ ಕೂದಲಿಗಾಗಿ ಡಾಕ್ಟರ ಹತ್ತಿರ ಓಡಿದ್ದೂ ಇದಕ್ಕೇ.

ನನಗೆ ಇನ್ನೊಂದು ಕಾರಣವೂ ಜೊತೆಗಿತ್ತು. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳುವ ಫೆರಿಟಿನ್ ಪರೀಕ್ಷೆಯಲ್ಲಿ 9 ಬಂತು, ತೀರಾ ಕಡಿಮೆ. ತಿಂಗಳ ಮುಟ್ಟು ಹೆಚ್ಚು ಹೋಗ್ತಿದ್ದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕಬ್ಬಿಣದ ಮಾತ್ರೆ ಕೊಟ್ಟರು, ಕಾಫಿ ಜೊತೆ ಮಾತ್ರ ಬೇಡ ಅಂದರು. ಮಾತ್ರೆ ಜೊತೆಗೇ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತೋದು ಕಡಿಮೆ ಆಗುತ್ತೆ. ಐದನೇ ತಿಂಗಳಿಗೆ ಹಣೆಯ ಅಂಚಿನಲ್ಲಿ ಮೋಟು ಕೂದಲು ನೆಟ್ಟಗೆ ಎದ್ದು ನಿಂತವು, ಎಣ್ಣೆ ಹಚ್ಚಿದರೂ ಕೂರ್ತಿರಲಿಲ್ಲ. ಅವತ್ತು ಕನ್ನಡಿ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಆದರೆ ಕೂದಲು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರ್ ಮಾತ್ರ. ಜಡೆ ಮೊದಲಿನಂತೆ ಕೈತುಂಬ ಆಗೋಕೆ ಎರಡು ವರ್ಷ ಹಿಡೀತು.

ಶಿವಮೊಗ್ಗದಿಂದ:
ನಾನು ಲ್ಯಾಬ್‌ನಲ್ಲಿ ಕೆಲಸ ಮಾಡೋದು. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಮಾಡಿಸಿ ಅಂತ ನಿಮ್ಮ ಡಾಕ್ಟರು ಬರೆದುಕೊಡಬಹುದು. ಕೂದಲಿಗೆ ಅಂತ ಬಯೋಟಿನ್ (ಒಂದು ಬಿ ವಿಟಮಿನ್) ತಗೋತಿದ್ದರೆ ದಯವಿಟ್ಟು ಅವರಿಗೆ ಹೇಳಿ. ನಮ್ಮ ದಿನದ ಅಗತ್ಯ ಸುಮಾರು 30 ಮೈಕ್ರೋಗ್ರಾಂ, ಕೂದಲಿನ ಮಾತ್ರೆಗಳಲ್ಲಿ 10,000ವರೆಗೂ ಇರುತ್ತೆ. ಅದು ರಕ್ತದಲ್ಲಿದ್ದರೆ ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಅಂಕಿ ಸುಳ್ಳೇ ಕಡಿಮೆ ತೋರಿಸುತ್ತೆ. ಇಲ್ಲದ ಥೈರಾಯ್ಡ್‌ಗೆ ಮಾತ್ರೆ ನುಂಗುವ ಹಾಗಾಗಬಾರದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಸಿದೆ. ಇನ್ನೊಂದು, ಮೈಯಲ್ಲಿ ಜ್ವರ, ಉರಿಯೂತ ಇರುವಾಗ ಫೆರಿಟಿನ್ ಏರಿ ಕಾಣುತ್ತೆ. ಪೂರ್ತಿ ಚೇತರಿಸಿಕೊಂಡ ಮೇಲೆ ಮಾಡಿಸಿದರೆ ಒಳ್ಳೇದು.

ಹುಬ್ಬಳ್ಳಿಯಿಂದ:
ಮೇಲಿನ ಅಕ್ಕ ಹೇಳಿದ್ದು ಸರಿ, ಆದರೆ ನನ್ನ ಕಥೆ ಬೇರೆ ಆಯ್ತು. ನಾನೂ ಹೆರಿಗೆ ಆದಮೇಲಿನದು, ತಾನೇ ಸರಿಹೋಗುತ್ತೆ ಅಂತ ಮೂರು ವರ್ಷ ಕಾದೆ. ಉದುರುವುದೇನೋ ನಿಂತಿತ್ತು, ಆದರೆ ಬೈತಲೆ ಅಗಲ ಆಗ್ತಾ ಹೋಯ್ತು. ಮದುವೆ ಫೋಟೋ ಪಕ್ಕ ಇಟ್ಟು ನೋಡಿದಾಗಲೇ ಗೊತ್ತಾಗಿದ್ದು. ಡಾಕ್ಟರು ಪುಟ್ಟ ಭೂತಗನ್ನಡಿಯಲ್ಲಿ ನೋಡಿ, ದಪ್ಪ ಕೂದಲ ನಡುವೆ ನೂಲಿನಂಥ ತೆಳು ಕೂದಲು ತೋರಿಸಿ, ಇದು ವಂಶದಿಂದ ಬಂದದ್ದು ಅಂದರು. ಗಂಡಸರ ಬೋಳುತಲೆಯ ಹಿಂದೆ ಹಾರ್ಮೋನು ಮತ್ತು ವಂಶ ಎರಡೂ ಇವೆ ಅಂತ 1942ರಲ್ಲೇ ಅಮೆರಿಕದ ಸಂಶೋಧಕ ಜೇಮ್ಸ್ ಹ್ಯಾಮಿಲ್ಟನ್ ತೋರಿಸಿದ್ದರು. ಹೆಂಗಸರಲ್ಲಿ ಹಾರ್ಮೋನಿನ ಪಾತ್ರ ಅಷ್ಟು ನೇರ ಅಲ್ಲ. ನಾನೀಗ ಮಿನಾಕ್ಸಿಡಿಲ್ ಹಚ್ತೀನಿ. ಮೂಲತಃ ಅದು ಬಿಪಿ ಮಾತ್ರೆ, ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದದ್ದು ನೋಡಿ ತಲೆಗೆ ತಂದದ್ದು. ಶುರುವಿನ ಕೆಲವು ವಾರ ಇನ್ನೂ ಹೆಚ್ಚು ಉದುರಬಹುದು, ಹೆದರಿ ಬಿಡಬಾರದು. ಬಿಟ್ಟರೆ ಬಂದದ್ದೂ ಹೋಗುತ್ತೆ. ಬಸುರಿ, ಬಾಣಂತಿಯರಿಗೆ ಬೇಡ. ಇವತ್ತೇ ಬೈತಲೆಯ ಒಂದು ಫೋಟೋ ತೆಗೆದಿಡಿ. ಆರು ತಿಂಗಳಿಗೆ ಅದೇ ಬೆಳಕಲ್ಲಿ ಇನ್ನೊಂದು ತೆಗೀರಿ. ಅಗಲ ಆಗಿದ್ದರೆ ನನ್ನ ಹಾಗೆ ಕಾಯಬೇಡಿ.

ಮಂಡ್ಯದಿಂದ:
ದುಂಡಗೆ ಕಾಸಿನಗಲ ಬೋಳಾದರೆ ಅದು ಮೂರನೇ ಬಗೆ ಇರಬಹುದು. ನಮ್ಮಣ್ಣನ ಮಗನಿಗೆ ಹಾಗಾದಾಗ ಹುಳ ತಿಂದಿದೆ ಅಂತ ಹಸಿ ಬೆಳ್ಳುಳ್ಳಿ ಉಜ್ಜಿದರು. ಚರ್ಮ ಸುಟ್ಟು ಗುಳ್ಳೆ ಎದ್ದು ಮಗು ರಾತ್ರಿಯೆಲ್ಲ ಅತ್ತಿತು. ಹುಳ ಅಲ್ಲ, ದೇಹದ ರಕ್ಷಣೆಯ ಕಣಗಳೇ ಕೂದಲ ಬುಡದ ಮೇಲೆ ತಿರುಗಿಬೀಳುವುದು. ಡಾಕ್ಟರು ಸಣ್ಣ ಇಂಜೆಕ್ಷನ್ ಕೊಟ್ಟರು, ತುಂಬಿಕೊಂಡಿತು.

ಕೇಳಿದವರು:
ಎಲ್ಲರಿಗೂ ಕೈಮುಗಿದೆ. ಜಾಲರಿಯಲ್ಲಿದ್ದ ಕೂದಲು ತೆಗೆದು ನೋಡಿದೆ, ಬಿಳಿ ಗಂಟು ಇದೆ. ಪಾರ್ಲರ್‌ನವರು ಹೇಳಿದರು ಅಂತ ಒಂದು ತಿಂಗಳಿಂದ ಬಯೋಟಿನ್ ತಗೋತಿದ್ದೆ, ಇವತ್ತು ನಿಲ್ಲಿಸಿದೆ. ಸೋಮವಾರ ಡಾಕ್ಟರ ಹತ್ತಿರ ಹೋಗ್ತೀನಿ, ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೀತೀನಿ.