ಎನ್ ಸ್ಕೇಲ್ ಗೂಡ್ಸ್ ಡಬ್ಬಿಗಳು ಮಳೆಗಾಲದಲ್ಲಿ ಹಾಳಾಗುತ್ತಿವೆ: ಮುಂಬೈ ಕಡೆ ಸಂಗ್ರಹ ಇಡುವುದು ಹೇಗೆ?

ಗೂಡ್ಸ್‌ಗಾಡಿ, ಡೊಂಬಿವಲಿ

ನಮಸ್ಕಾರ. ನನ್ನಲ್ಲಿ ಎನ್ ಸ್ಕೇಲಿನ, ಅಂದರೆ ಅಸಲಿನ 160ರಲ್ಲಿ ಒಂದು ಪಾಲು ಅಳತೆಯ, 22 ಅಮೆರಿಕನ್ ಮಾದರಿ ರೈಲಿನ ಗೂಡ್ಸ್ ಡಬ್ಬಿಗಳಿವೆ. ಹೆಚ್ಚಿನವು ಮೈಕ್ರೋ-ಟ್ರೇನ್ಸ್ ಕಂಪನಿಯವು, ನಾಲ್ಕು ಕೇಡೀ ಹೆಸರಿನ ಹಳೆಯವು, ಉಳಿದವು ಅಟ್ಲಾಸ್ ಕಂಪನಿಯವು. ಓಡಿಸುವುದಕ್ಕಿಂತ ಇಟ್ಟು ನೋಡುವುದೇ ಜಾಸ್ತಿ. ಎಲ್ಲವೂ ಸ್ಟೀಲ್ ಕಪಾಟಿನಲ್ಲಿ ಬಟ್ಟೆಯ ಪಕ್ಕದ ಖಾನೆಯಲ್ಲಿವೆ. ಜಿರಲೆ, ಹುಳ ಬರದಿರಲಿ ಎಂದು ಡಾಂಬರ್ ಗುಳಿಗೆ ಹಾಕಿದ್ದೆ.

ಈ ಜುಲೈಯಲ್ಲಿ ತೆಗೆದು ನೋಡಿದರೆ ಮೂರು ತೊಂದರೆ. ಎರಡು ಡಬ್ಬಿಗಳ ಛಾವಣಿ ಮಂಕಾಗಿದೆ, ಬೆರಳಚ್ಚು ಉಳಿಯುವಷ್ಟು ಮೆತ್ತಗಿದೆ. ಒಂದೇ ಲಾಟ್‌ನಲ್ಲಿ ಕೊಂಡ ಆರು ಡಬ್ಬಿ ಹಿಂದಿನ ಮಾಲೀಕರ ಫೋಮ್ ತಟ್ಟೆಯಲ್ಲೇ ಇದ್ದವು. ಆ ಫೋಮ್ ಪುಡಿಯಾಗಿ ಬಣ್ಣಕ್ಕೆ ಅಂಟಿಕೊಂಡಿದೆ. ಇನ್ನೊಂದು ಡಬ್ಬಿಯ ತಳ ಉಬ್ಬಿದೆ.

ಇನ್ನೆರಡು ಪ್ರಶ್ನೆ: ಹೊರದೇಶದಿಂದ ಹಳೆಯ ಡಬ್ಬಿ ತರಿಸುವಾಗ ಫೋಟೋದಲ್ಲಿ ಏನು ನೋಡಬೇಕು? ಜಾಗ ಕಡಿಮೆ ಇರುವುದರಿಂದ ಮುಂದಿನದನ್ನು ಇನ್ನೂ ಚಿಕ್ಕದಾದ ಝಡ್ ಸ್ಕೇಲಿನಲ್ಲಿ ಕೊಳ್ಳಲೇ?

ಘಾಟ್ ಬ್ಯಾಂಕರ್, ಪುಣೆ

ಡಾಂಬರ್ ಗುಳಿಗಿ ಇವತ್ತ ಹೊರಗ ಒಗೀರಿ. ಛಾವಣಿ ಮೆತ್ತಗಾಗಿದ್ದು ಮಳಿಯಿಂದ ಅಲ್ಲ, ಆ ಗುಳಿಗಿಯಿಂದ. ಈ ಡಬ್ಬಿಗಳ ಮೈ ಪಾಲಿಸ್ಟೈರೀನ್. ನ್ಯಾಫ್ತಲೀನ್ ಆವಿ ಅದರೊಳಗ ಇಳದು ಪ್ಲಾಸ್ಟಿಕ್ ಮೆತ್ತಗ ಮಾಡ್ತದ. ಮುಚ್ಚಿದ ಸ್ಟೀಲ್ ಕಪಾಟಿನ್ಯಾಗ ಆವಿಗೆ ಹೋಗಾಕ ದಾರೀನ ಇಲ್ಲ. ಅದರ ಬದಲಿಗೆ ಕರ್ಪೂರ ಇಡ್ತೀನಿ ಅನ್ನಬ್ಯಾಡ್ರಿ, ಅದೂ ಅದ ಜಾತಿ. ಜಿರಲಿಗೆ ಕಪಾಟಿನ ಹೊರಗ, ಮೂಲಿಯೊಳಗ, ಜೆಲ್ ಹಚ್ಚಿದ್ರ ಸಾಕು.

ಮೆತ್ತಗಿದ್ದಾಗ ಒರೆಸಾಕ ಹೋಗಬ್ಯಾಡ್ರಿ, ಬಣ್ಣನೂ ಅಕ್ಷರನೂ ಬಟ್ಟೀಗೆ ಬರ್ತಾವ. ಚಕ್ರದ ಮ್ಯಾಲೆ ನಿಲ್ಲಿಸಿ, ಮೈಗೆ ಏನೂ ತಾಗಧಂಗ, ನೆರಳಾಗ ಗಾಳಿ ಆಡೋ ಕಡೆ ಹತ್ತು ಹದಿನೈದು ದಿನ ಇಡ್ರಿ. ಆವಿ ಹೋದಂಗ ಪ್ಲಾಸ್ಟಿಕ್ ತಿರುಗಿ ಗಟ್ಟಿ ಆಗ್ತದ. ಮಂಕು ಮಾತ್ರ ಪೂರ್ತಿ ಹೋಗೂದಿಲ್ಲ. ಆ ಎರಡು ಡಬ್ಬಿ ಇನ್ನ ಮ್ಯಾಲೆ ಓಡಿಸೋ ಡಬ್ಬಿ ಅಂತ ತಿಳ್ಕೊಳ್ರಿ.

ಫೋಮ್ ವಿಷಯ ಬ್ಯಾರೆ. ಅದು ಪಾಲಿಯುರೆಥೇನ್. ಹವಾದಾಗಿನ ತೇವ ಮತ್ತು ಸೆಕಿ ಸೇರಿ ಅದನ್ನ ವರ್ಷಗಟ್ಟಲೆ ಒಡೀತಾವ. ಮೊದಲು ಅಂಟಂಟು, ಆಮ್ಯಾಲೆ ಹಳದಿ ಪುಡಿ. ಬಿಡಿಸೋ ಕ್ರಮ ಹಿಂಗದ. ಮೆತ್ತನ ಬ್ರಷ್‌ನಿಂದ ಸಡಿಲ ಪುಡಿ ತೆಗೀರಿ, ಒತ್ತಬ್ಯಾಡ್ರಿ. ಒಂದು ಲೋಟ ಉಗುರುಬೆಚ್ಚನ ನೀರಿಗೆ ಪಾತ್ರೆ ತೊಳಿಯೋ ಲಿಕ್ವಿಡ್ ಒಂದ ಹನಿ. ಕಿವಿ ಕಡ್ಡಿಯ ಹತ್ತಿ ಅದರಾಗ ಅದ್ದಿ, ಹಿಂಡಿ, ಬಣ್ಣದ ಮ್ಯಾಲೆ ಉರುಳಿಸ್ರಿ. ತಿಕ್ಕಿದ್ರ ರೈಲ್ವೆ ಕಂಪನಿಯ ಲಾಂಛನನ ಅಳಿಸಿ ಹೋದೀತು. ಮೊದಲು ತಳದ ಮೂಲಿಯೊಳಗ ಪರೀಕ್ಷಾ ಮಾಡ್ರಿ. ಕಡೀಕ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್‌ನಿಂದ ಒರೆಸ್ರಿ, ನಳದ ನೀರು ಆರಿದ ಮ್ಯಾಲೆ ಬಿಳಿ ಚುಕ್ಕಿ ಬಿಡ್ತದ. ಥಿನ್ನರ್, ಪೆಟ್ರೋಲ್, ಉಗುರಿನ ಬಣ್ಣ ತೆಗಿಯೋ ದ್ರಾವಣ ಹತ್ತಿರಕ್ಕೂ ತರಬ್ಯಾಡ್ರಿ. ಅಸಿಟೋನ್ ಪಾಲಿಸ್ಟೈರೀನನ್ನ ಕರಗಸ್ತದ. ಐಸೊಪ್ರೊಪೈಲ್ ಆಲ್ಕೋಹಾಲ್ ಲೋಹದ ಚಕ್ರಕ್ಕ ಸರಿ, ಅಕ್ಷರ ಮುದ್ರಿಸಿದ ಮೈಗೆ ಅಲ್ಲ.

ತಿರುಗಿ ಇಡೂವಾಗ ಪಾಲಿಥೀನ್ ಫೋಮ್ ಹಾಕ್ರಿ. ಟಿವಿ ಡಬ್ಬದಾಗ ಬರೋ ಬಿಳಿ ಇಪಿಇ ಹಾಳೆ ಅದ, ಪ್ಯಾಕಿಂಗ್ ಸಾಮಾನಿನ ಅಂಗಡಿಯಾಗ ಸಿಗ್ತದ. ಮೆತ್ತನ ಪಿವಿಸಿ ಚೀಲ ಬ್ಯಾಡ. ಅದನ್ನ ಮೆತ್ತಗ ಇಡಾಕ ಹಾಕಿದ ಪ್ಲಾಸ್ಟಿಸೈಜರ್ ಬಣ್ಣಕ್ಕ ಇಳೀತದ.

ಉಬ್ಬಿದ ತಳಕ್ಕ ಎರಡು ಕಾರಣ ಇರಬಹುದು. ಒಳಗಿನ ಉಕ್ಕಿನ ತೂಕದ ಪಟ್ಟಿ ತುಕ್ಕು ಹಿಡಿದು ದಪ್ಪ ಆಗಿರಬಹುದು, ಇಲ್ಲಾಂದ್ರ ತಳನ ಜಿಂಕ್ ಎರಕದ್ದಾಗಿ ಅದಕ್ಕ ಜಿಂಕ್ ಪೆಸ್ಟ್, ಅಂದ್ರ ಎರಕದ ಜಿಂಕ್ ಒಳಗಿಂದ ಉಬ್ಬಿ ಬಿರಿಯೋ ರೋಗ, ಬಂದಿರಬಹುದು. ಡಬ್ಬಿಯ ನಡುಮಧ್ಯೆ ಸಣ್ಣ ಅಯಸ್ಕಾಂತ ಹಿಡೀರಿ. ಎಳೆದ್ರ ಒಳಗ ಉಕ್ಕು ಅದ, ಜಿಂಕ್ ಎಳೆಯೂದಿಲ್ಲ. ತುದಿಯೊಳಗ ಹಿಡಿದ್ರ ಮೋಸ ಹೋಗ್ತೀರಿ, ಕಪ್ಲರಿನ (ಡಬ್ಬಿಗೆ ಡಬ್ಬಿ ಜೋಡಿಸೋ ಕೊಂಡಿ) ಕೆಳಗಿನ ಬಾಗಿದ ಪಿನ್ ಸಹಿತ ಎಳೀತದ. ಜಿಂಕ್ ಪೆಸ್ಟ್ ಆಗಿದ್ರ ಕೂದಲೆಳಿಯಂಥ ಬಿರುಕು ಕಾಣ್ತಾವ. ಅದಕ್ಕ ಔಷಧ ಇಲ್ಲ: ಎರಕದ ಜಿಂಕಿನೊಳಗ ಸೀಸದಂಥ ಕಲಬೆರಕಿ ಇದ್ದದ್ದು ಮೂಲ ಕಾರಣ, ತೇವ ಅದನ್ನ ಜೋರು ಮಾಡ್ತದ. ಪಕ್ಕದ ಡಬ್ಬಿಗೆ ಹರಡ್ತದ ಅನ್ನೋದು ಮಾತ್ರ ಸುಳ್ಳ.

ಮುಳುಂದ್ ಸ್ಲೋ ಲೋಕಲ್

ಪುಣೆಯವರು ಹೇಳಿದ್ದು ಸರಿ. ನಾನು ಪೆಟ್ಟಿಗೆ ಮತ್ತು ಖರೀದಿ ಬಗ್ಗೆ ಹೇಳುತ್ತೇನೆ.

ಕಪಾಟು ಬಿಡಿ ಮಾರಾಯ್ರೆ. ರಬ್ಬರ್ ಗ್ಯಾಸ್ಕೆಟ್ ಇರುವ, ಗಾಳಿಯಾಡದ 10 ಲೀಟರಿನ ಪಾಲಿಪ್ರೊಪಿಲೀನ್ ಡಬ್ಬ ತೆಗೆದುಕೊಳ್ಳಿ. ಒಳಗೆ ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರ್ ಒಂದು, ತೇವ ಹೀರುವ ಸಿಲಿಕಾ ಜೆಲ್ 50 ಗ್ರಾಂ. ಒಳಗಿನ ಗಾಳಿಯಲ್ಲಿರುವ ನೀರು ಒಂದು ಗ್ರಾಂ ಕೂಡ ಇಲ್ಲ; ಜೆಲ್ ಬೇಕಾಗುವುದು ಕಾಗದ, ರಟ್ಟು ಹೀರಿಕೊಂಡ ತೇವಕ್ಕೆ ಮತ್ತು ಪ್ರತಿ ಸಲ ಮುಚ್ಚಳ ತೆಗೆದಾಗ ನುಗ್ಗುವುದಕ್ಕೆ. ಜೆಲ್ ಜಾಸ್ತಿ ಸುರಿದರೆ ಒಳ್ಳೆಯದು ಅಂತಲ್ಲ. ತೇವಾಂಶ 20ಕ್ಕೆ ಇಳಿದರೆ ಡಬ್ಬಿಗೇನೂ ಆಗದಿದ್ದರೂ ಪೆಟ್ಟಿಗೆಯ ಲೇಬಲ್ ಸುರುಳಿ ಸುತ್ತಿಕೊಳ್ಳುತ್ತದೆ, ಕಾಲ ಕಳೆದಂತೆ ಅಂಟೂ ಬಿಡುತ್ತದೆ. 45ರಿಂದ 55 ಶೇಕಡಾ ಮಧ್ಯೆ ನಿಲ್ಲಿಸಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ, ನೀಲಿಯದ್ದು ಗುಲಾಬಿಯಾದರೆ ಒಣಗಿಸುವ ಹೊತ್ತು: ಓವನ್‌ನಲ್ಲಿ 110–120 ಡಿಗ್ರಿಗೆ ಎರಡು ಗಂಟೆ. ನೀಲಿಯದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅಡುಗೆಯ ಓವನ್‌ಗೆ ಹಾಕಬೇಡಿ, ಕಿತ್ತಳೆಯದ್ದನ್ನೇ ಕೊಳ್ಳಿ. ಮುಚ್ಚಳ ತೆಗೆಯುವ ಕೆಲಸವನ್ನೆಲ್ಲ ಸಾಧ್ಯವಾದಷ್ಟು ದೀಪಾವಳಿಯ ಮೇಲಿಟ್ಟುಕೊಳ್ಳಿ.

ಇನ್ನು ಫೋಟೋ. ಮಾರುವವರಿಂದ ಐದು ಕೇಳಿ: ಎರಡೂ ಬದಿ, ಛಾವಣಿ, ತಳ, ಪೆಟ್ಟಿಗೆಯ ತುದಿಯ ಲೇಬಲ್. ತಳದ ಫೋಟೋ ಕೊಡಲು ಒಪ್ಪದವರ ಹತ್ತಿರ ಕೊಳ್ಳಬೇಡಿ. ತಯಾರಕರ ಹೆಸರು, ಬದಲಾಯಿಸಿದ ಚಕ್ರ, ಮುರಿದ ಕಪ್ಲರ್, ತಳದ ಉಬ್ಬು ಎಲ್ಲ ಕಾಣುವುದು ಅಲ್ಲೇ. ಛಾವಣಿಯ ನಡುವಿನ ನಡೆಹಲಗೆ ಮತ್ತು ಒಂದು ತುದಿಯ ಬ್ರೇಕ್ ಚಕ್ರ, ಇವೆರಡೇ ಮೊದಲು ಮುರಿಯುವುದು. ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಬಿಳಿ ಮಬ್ಬು ಕಂಡರೆ ಯಾರೋ ಸೂಪರ್ ಗ್ಲೂ ಹಾಕಿ ಅಂಟಿಸಿದ್ದಾರೆ ಎಂದರ್ಥ. ಮಾಸಿದಂತೆ ಬಣ್ಣ ಬಳಿದ ಡಬ್ಬಿ ಕಾರ್ಖಾನೆಯದ್ದೇ ಎಂದು ಲೇಬಲ್‌ನಲ್ಲಿ ಇಲ್ಲದಿದ್ದರೆ, ಆ ಧೂಳುಬಣ್ಣದ ಕೆಳಗೆ ಗೀರು ಇರಬಹುದು.

ಎಲ್ಲಕ್ಕಿಂತ ಮುಖ್ಯ, ಡಬ್ಬಿಯ ಬದಿಯ ನಂಬರು. ಅದೇ ರೈಲ್ವೆ, ಅದೇ ಬಣ್ಣದ ಡಬ್ಬಿ ಮರುಮುದ್ರಣವಾದಾಗ ಬದಿಯ ನಂಬರು ಬೇರೆ ಬರುತ್ತದೆ. ಕ್ಯಾಟಲಾಗ್ ನಂಬರ್ ಒಂದನ್ನೇ ಬರೆದಿಟ್ಟುಕೊಂಡರೆ ಇದ್ದದ್ದನ್ನೇ ಇನ್ನೊಮ್ಮೆ ಕೊಳ್ಳುತ್ತೀರಿ, ಇಲ್ಲವೇ ಬೇಕಾದ್ದನ್ನು ಇದೆ ಎಂದು ಬಿಡುತ್ತೀರಿ. ಕೇಡೀ ಡಬ್ಬಿಗಳಿಗೆ ಬೇರೆ ಪುಟ ಇಡಿ. ಕೇಡೀಯ ಎನ್ ಸ್ಕೇಲ್ ವಿಭಾಗ 1990ರಲ್ಲಿ ಬೇರೆಯಾಗಿ ಮೈಕ್ರೋ-ಟ್ರೇನ್ಸ್ ಕಂಪನಿಯಾಯಿತು, ಹಾಗಾಗಿ ಕೇಡೀ ಹೆಸರಿನ ಪೆಟ್ಟಿಗೆ ಎಂದರೆ ಅದಕ್ಕಿಂತ ಹಿಂದಿನದು. ಪೆಟ್ಟಿಗೆ ಅದಲುಬದಲಾಗಿದ್ದರೆ ಆ ಗುರುತೇ ಹೋಯಿತು.

ಸುಂಕದ ಲೆಕ್ಕ ಕೊಳ್ಳುವ ಮೊದಲೇ ಹಾಕಿ. ಆಟಿಕೆಗಳ ಮೂಲ ಸುಂಕ 2020ರಲ್ಲಿ 20ರಿಂದ 60 ಶೇಕಡಾಕ್ಕೆ, 2023ರಲ್ಲಿ 70ಕ್ಕೆ ಏರಿತು. ಸ್ಕೇಲ್ ಮಾಡೆಲ್‌ಗಳೂ ಆ ತಲೆಬರಹದ ಕೆಳಗೇ ಬರುತ್ತವೆ. ಗಿಫ್ಟ್ ಎಂದು ಬರೆಸಿದರೆ ತಪ್ಪುತ್ತದೆ ಎಂಬುದು ಹಳೆಯ ಮಾತು. 5,000 ರೂಪಾಯಿವರೆಗಿನ ಗಿಫ್ಟ್ ವಿನಾಯಿತಿ 2019ರ ಡಿಸೆಂಬರಿನಲ್ಲಿ ಹೋಯಿತು, ರಾಖಿ ಮತ್ತು ಜೀವರಕ್ಷಕ ಔಷಧಿಗೆ ಮಾತ್ರ ಉಳಿಯಿತು. ಸುಳ್ಳು ಬೆಲೆ ಬರೆಸಿದರೆ ಪಾರ್ಸೆಲ್ಲೂ ಹೋದೀತು, ದಂಡವೂ ಬಿದ್ದೀತು. ಇನ್‌ವಾಯ್ಸ್‌ನಲ್ಲಿ ‘ಸಂಗ್ರಾಹಕರ ಸ್ಕೇಲ್ ಮಾಡೆಲ್, 14 ವರ್ಷ ಮೇಲ್ಪಟ್ಟವರಿಗೆ’ ಎಂದು ಬರೆಸಿ, ಯಾಕೆಂದರೆ ಐಎಸ್‌ಐ ಗುರುತಿನ ಕಡ್ಡಾಯ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ. ಒಂದು ಪ್ರತಿ ಪಾರ್ಸೆಲ್ ಹೊರಗೆ, ಒಂದು ಒಳಗೆ. ಹಣ ಕಟ್ಟಿದ ಪುರಾವೆ ನಿಮ್ಮ ಕೈಯಲ್ಲಿ.

ಮೀಟರ್‌ಗೇಜ್, ವಾಸ್ಕೊ

ಝಡ್ ಪ್ರಶ್ನೆಗೆ ನನ್ನ ಉತ್ತರ: ಜಾಗಕ್ಕಾಗಿ ಹೋಗಬೇಡಿ. ಎನ್ ಅಂದರೆ 1:160, ಹಳಿ ಅಗಲ 9 ಮಿಮೀ. ಝಡ್ ಅಂದರೆ 1:220, ಹಳಿ 6.5 ಮಿಮೀ, ಮಾರ್ಕ್ಲಿನ್ 1972ರಲ್ಲಿ ತಂದದ್ದು. ನಲವತ್ತು ಅಡಿಯ ಬಾಕ್ಸ್ ಡಬ್ಬಿ ಎನ್‌ನಲ್ಲಿ 76 ಮಿಮೀ, ಝಡ್‌ನಲ್ಲಿ 55. ಕಪ್ಲರ್ ಸೇರಿಸಿದರೆ ಒಂದು ಮೀಟರ್ ಶೆಲ್ಫಿನಲ್ಲಿ ಎನ್ 12 ನಿಲ್ಲುತ್ತವೆ, ಝಡ್ 16. ಈ ನಾಲ್ಕು ಡಬ್ಬಿಯ ಲಾಭಕ್ಕೆ ಇರುವ 22ರ ಜೊತೆ ಹೊಂದದ ಎರಡನೇ ಸಂಗ್ರಹ ಶುರು ಮಾಡುವುದರಲ್ಲಿ ಅರ್ಥವಿಲ್ಲ. ಝಡ್ ಚೆಂದವೇ, ಆದರೆ ಝಡ್ಡೇ ಬೇಕು ಅನ್ನಿಸಿದಾಗ ಹೋಗಿ. 1:450ರ ಟಿ ಸ್ಕೇಲ್ ಕುತೂಹಲಕ್ಕೆ ಸರಿ, ಬದಿಯ ಅಕ್ಷರ ಓದುವ ಸಂಗ್ರಾಹಕರಿಗಲ್ಲ. ಎನ್ ಎಂದು ಬರೆದದ್ದೆಲ್ಲ ಒಂದೇ ಅಳತೆಯದೂ ಅಲ್ಲ. ಬ್ರಿಟಿಷ್ ಎನ್ 1:148, ಜಪಾನಿನದು ಹೆಚ್ಚಾಗಿ 1:150. ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಕಣ್ಣಿಗೆ ಗೊತ್ತಾಗುತ್ತದೆ.

ವಿಷಯಕ್ಕೆ ಸ್ವಲ್ಪ ಹೊರಗೆ: 6.5 ಮಿಮೀ ಹಳಿಯನ್ನು 160ರಿಂದ ಗುಣಿಸಿದರೆ 1,040 ಮಿಮೀ, ಅಂದರೆ ಬಹುತೇಕ ಮೀಟರ್ ಗೇಜ್. ಝಡ್ ಹಳಿಯ ಮೇಲೆ ಎನ್ ಅಳತೆಯ ಮೈ ಕೂರಿಸಿದರೆ ಕ್ಯಾಸಲ್‌ರಾಕ್‌ನಿಂದ ಮುರ್ಮಗೋವಾಕ್ಕೆ ಇಳಿಯುತ್ತಿದ್ದ ಹಳೆಯ ಮೀಟರ್ ಗೇಜ್ ಡಬ್ಬಿ ಮಾಡಬಹುದು. ನಮ್ಮ ಬ್ರಾಡ್ ಗೇಜ್ 1,676 ಮಿಮೀ, ಅದಕ್ಕೆ 10.5 ಮಿಮೀ ಹಳಿ ಬೇಕು, ಸಿದ್ಧ ಹಳಿ 9ರದ್ದು. ಭಾರತೀಯ ಡಬ್ಬಿಯನ್ನು ಎನ್‌ನಲ್ಲಿ ಮಾಡಿದವರೆಲ್ಲ ಅಲ್ಲಿ ರಾಜಿ ಮಾಡಿಕೊಂಡವರೇ.

ಆಗೀಗ ಓಡಿಸುವುದಾದರೆ ತೂಕ ನೋಡಿ. ಅಮೆರಿಕದ ಮಾದರಿ ರೈಲು ಸಂಘ ಎನ್‌ಎಮ್‌ಆರ್‌ಎಯ ಶಿಫಾರಸು ಎನ್‌ಗೆ ಅರ್ಧ ಔನ್ಸ್, ಜೊತೆಗೆ ಪ್ರತಿ ಇಂಚಿಗೆ 0.15 ಔನ್ಸ್. ಗ್ರಾಂನಲ್ಲಿ 40 ಅಡಿಯ ಡಬ್ಬಿಗೆ ಸುಮಾರು 27, 50 ಅಡಿಯದ್ದಕ್ಕೆ 30. ಮುಂಬೈಯ ಜವೇರಿ ಬಜಾರ್ ಕಡೆ ಅಕ್ಕಸಾಲಿಗರ ಸಾಮಾನಿನ ಅಂಗಡಿಯ ಡಿಜಿಟಲ್ ತಕ್ಕಡಿ ಇದಕ್ಕೆ ಹೇಳಿ ಮಾಡಿಸಿದ್ದು. ಭೂತಗನ್ನಡಿ, ಮೊನೆಚಿಮಟವನ್ನೂ ಅಲ್ಲೇ ಕೊಳ್ಳಿ. ಹಗುರ ಡಬ್ಬಿ ಉದ್ದ ಗಾಡಿಯ ಮುಂಭಾಗದಲ್ಲಿದ್ದರೆ ತಿರುವಿನಲ್ಲಿ ಒಳಗಡೆಗೆ ಎಳೆದು ಬೀಳುತ್ತದೆ. ತೂಕ ಸೇರಿಸುವುದಾದರೆ ಚಕ್ರದ ಚೌಕಟ್ಟುಗಳ ಮೇಲ್ಭಾಗಕ್ಕೆ, ಎರಡು ಬದಿಯ ಟೇಪಿನಿಂದ. ಸೀಸ ಬೇಡ, ಮುಚ್ಚಿದ ಡಬ್ಬಿಯಲ್ಲಿ ಬಿಳಿ ಪುಡಿ ಕಟ್ಟುತ್ತದೆ.

ಹಳೆಯ ಚಕ್ರಗಳ ಅಂಚು ಆಳ. ಕೋಡ್ 80 ಹಳಿಯಲ್ಲಿ ಓಡುತ್ತವೆ (ಕೋಡ್ ಅಂದರೆ ಹಳಿಯ ಎತ್ತರದ ನಂಬರು). ಅಟ್ಲಾಸ್ ಕೋಡ್ 55ರಲ್ಲಿ ಮೊಳೆಯ ತಲೆಗೆ ತಾಗಿ ಟಕಟಕ ಅನ್ನುತ್ತವೆ. ಪೀಕೊ ಕಂಪನಿಯ ಕೋಡ್ 55ರಲ್ಲಿ ಹಳಿಯ ಕೆಳಭಾಗ ಸ್ಲೀಪರ್‌ನೊಳಗೆ ಹೂತಿರುವುದರಿಂದ ಆ ತೊಂದರೆಯಿಲ್ಲ. ಚಕ್ರ ಬದಲಾಯಿಸಿದರೆ ಮೂಲ ಚಕ್ರವನ್ನು ಜಿಪ್ ಚೀಲದಲ್ಲಿ ಹಾಕಿ ಡಬ್ಬಿಯ ನಂಬರು ಬರೆದಿಡಿ. ಕಪ್ಲರಿಗೂ ಹಾಗೆಯೇ. ಕಪ್ಲರ್ ಬಿಚ್ಚುವುದಾದರೆ ಎರಡೂ ಕೈ ದೊಡ್ಡ ಪಾರದರ್ಶಕ ಚೀಲದೊಳಗಿಟ್ಟು ಬಿಚ್ಚಿ, ಒಳಗಿನ ಸ್ಪ್ರಿಂಗ್ ಹಾರಿದರೆ ನೆಲದ ಮೇಲೆ ಸಿಗುವುದಿಲ್ಲ. ಎಣ್ಣೆ ಬಿಡಬೇಡಿ, ಒಣ ಗ್ರಾಫೈಟ್ ಪುಡಿ ಮಾತ್ರ. ಅದೇ ಸ್ಪ್ರಿಂಗಿನಿಂದ ಕೊನೆಯ ಡಬ್ಬಿಗಳು ಹಿಂದೆ ಮುಂದೆ ಕುಲುಕುತ್ತವೆ. ಕೊನೆಯ ಡಬ್ಬಿಯ ಒಂದು ಅಚ್ಚಿಗೆ ತೆಳು ತಂತಿ ತಾಗಿಸಿ ಸ್ವಲ್ಪ ತಡೆ ಕೊಟ್ಟರೆ ನಿಲ್ಲುತ್ತದೆ.

ಗೂಡ್ಸ್‌ಗಾಡಿ, ಡೊಂಬಿವಲಿ

ಮೂವರಿಗೂ ಧನ್ಯವಾದ. ಗುಳಿಗೆ ತೆಗೆದೆ. ಉಬ್ಬಿದ ಡಬ್ಬಿಯ ನಡುವೆ ಅಯಸ್ಕಾಂತ ಎಳೆಯುತ್ತಿದೆ. ಹಾಗಾದರೆ ತುಕ್ಕು. ಮೈ ಮುರಿಯದೆ ಬಿಚ್ಚುವುದು ಹೇಗೆ?

ಘಾಟ್ ಬ್ಯಾಂಕರ್, ಪುಣೆ

ಛಲೋ ಆತು, ಉಳಿಯೋ ಡಬ್ಬಿ ಅದು. ಬಿಚ್ಚೂಕಿಂತ ಮೊದಲು ತಳದ ಫೋಟೋ ತಗೊಳ್ರಿ. ಬ್ರೇಕ್ ಚಕ್ರ ಇರೋ ತುದಿ ಯಾವುದು ಅನ್ನೋದು ಅದರಾಗ ಕಾಣಬೇಕು, ಇಲ್ಲಾಂದ್ರ ತಳ ಉಲ್ಟಾ ಕೂಡ್ತದ.

ಚಕ್ರದ ಚೌಕಟ್ಟು ನಡುವಿನ ಪ್ಲಾಸ್ಟಿಕ್ ಪಿನ್ನಿನ ಮ್ಯಾಲೆ ನಿಂತಿರ್ತದ. ಉಗುರು ಹಾಕಿ ನೆಟ್ಟಗ ಮ್ಯಾಲೆ ಎಳೀರಿ, ತಿರುವಿದ್ರ ತೂತು ಅಗಲ ಆಗ್ತದ. ಆಮ್ಯಾಲೆ ಹಳೇ ಎಟಿಎಂ ಕಾರ್ಡಿನಿಂದ ಕತ್ತರಿಸಿದ ತೆಳು ಪಟ್ಟಿ ಮೈ ಮತ್ತು ತಳದ ನಡುವ ಒಂದು ಮೂಲಿಯಿಂದ ತೂರಿಸಿ ಮೆಲ್ಲಕ ಸರಿಸ್ರಿ. ಸ್ಕ್ರೂಡ್ರೈವರ್ ಬ್ಯಾಡ. ಉಬ್ಬಿದ್ದರಿಂದ ಬಿಗಿ ಇರ್ತದ, ಬಲ ಹಾಕದ ನಾಕೂ ಕಡೆ ಸ್ವಲ್ಪ ಸ್ವಲ್ಪ ಬಿಡಿಸ್ತಾ ಹೋಗ್ರಿ.

ಪಟ್ಟಿ ಹೊರಗ ಬಂದ ಮ್ಯಾಲೆ 400 ನಂಬರಿನ ಪಾಲಿಶ್ ಕಾಗದದಿಂದ ಹೊಳಪು ಬರೋವರೆಗೆ ತಿಕ್ಕಿ, ಪುಡಿ ಒರೆಸಿ, ಎರಡೂ ಕಡೆ ಬಣ್ಣಿಲ್ಲದ ನೇಲ್ ಪಾಲಿಶ್ ಎರಡು ಪದರು. ಪೂರ್ತಿ ಒಂದು ದಿನ ಹೊರಗ ಆರಿಸ್ರಿ. ಹಸಿ ಇದ್ದಾಗ ಒಳಗ ಮುಚ್ಚಿದ್ರ ಅದರ ಆವಿ ಮತ್ತ ಪಾಲಿಸ್ಟೈರೀನನ್ನ ತಿಂತದ. ಪಟ್ಟಿ ತುಕ್ಕಿನಿಂದ ಪದರು ಪದರಾಗಿ ಬಿಟ್ಟಿದ್ರ ಉಳಿಸಬ್ಯಾಡ್ರಿ, ಅದ ಅಳತಿಯ ಸ್ಟೇನ್‌ಲೆಸ್ ತಗಡು ಕತ್ತರಿಸಿ ಹಾಕ್ರಿ, ತೂಕ ಮೊದಲಿನಷ್ಟ ಬರಬೇಕು. ತಳ ಬಾಗಿದ್ದು ತಾನ ನೆಟ್ಟಗ ಆಗದಿದ್ರ ಎರಡು ಗಾಜಿನ ನಡುವ ರಾತ್ರಿ ಇಡೀ ಭಾರ ಹೇರಿ ಇಡ್ರಿ. ಬಿಸಿ ನೀರು, ಹೇರ್ ಡ್ರೈಯರ್ ಬ್ಯಾಡ.