ಅಪ್‌ಡೇಟ್: ಇಂಪ್ಲಾಂಟ್ ತೆಗೆಸುವಾಗಲೇ ಲಿಫ್ಟ್ ಬೇಕಾ?

ಸ್ತನ ದೊಡ್ಡದು ಮಾಡೋಕೆ ಒಳಗಿಡಿಸಿದ್ದ ಇಂಪ್ಲಾಂಟ್ ತೆಗೆಸುವಾಗಲೇ, ಜೋತ ಸ್ತನ ಎತ್ತುವ ಲಿಫ್ಟ್ ಆಪರೇಷನ್ ಕೂಡ ಮಾಡಿಸಬೇಕಾ ಅಂತ ತುಮಕೂರಿನಿಂದ ಕೇಳಿದ್ದೆ. ತೀರ್ಮಾನ ಆಯ್ತು: ಈಗ ತೆಗೆಸೋದು ಮಾತ್ರ. ಲಿಫ್ಟ್ ಮಾತು 6 ತಿಂಗಳಾದ ಮೇಲೆ.

ಮುಖ್ಯವಾಗಿ ನೋಡೋದು ಮೊಲೆತೊಟ್ಟು ಎಲ್ಲಿದೆ ಅನ್ನೋದನ್ನ. ಸ್ತನದ ಕೆಳಗಿನ ಮಡಿಕೆಗಿಂತ ಮೇಲಿದ್ದು ಚರ್ಮಕ್ಕೆ ಬಿಗಿ ಇದ್ದರೆ, ತಿಂಗಳುಗಳಲ್ಲಿ ಚರ್ಮ ತಾನೇ ಒಂದಿಷ್ಟು ಕುಗ್ಗುತ್ತೆ. ಮಡಿಕೆಗಿಂತ ಕೆಳಗಿಳಿದು ನೆಲ ನೋಡ್ತಿದ್ದರೆ ಕಾದರೂ ಮೇಲೇಳಲ್ಲ, ಲಿಫ್ಟೇ ಬೇಕು. ಆದರೆ ಲಿಫ್ಟ್ ಆಕಾರ ಕೊಡುತ್ತೆ, ತುಂಬಿದ ಗಾತ್ರ ಕೊಡಲ್ಲ. ಇದನ್ನ ಮೊದಲೇ ಮನಸ್ಸಿಗೆ ತಂದುಕೊಳ್ಳಿ.

ಎರಡೂ ಒಟ್ಟಿಗೆ ಬೇಡ ಅನ್ನೋಕೆ ಕಾರಣ ರಕ್ತ ಸಂಚಾರ. ವರ್ಷಗಟ್ಟಲೆ ಇಂಪ್ಲಾಂಟ್ ಒತ್ತಿ ಸ್ತನದ ಅಂಗಾಂಶ ತೆಳುವಾಗಿರುತ್ತೆ. ಇಂಪ್ಲಾಂಟ್ ಸುತ್ತ ಬೆಳೆದ ಪೊರೆಯನ್ನೂ ಪೂರ್ತಿ ಬಿಡಿಸಿ, ಮೇಲಿಂದ ತೊಟ್ಟಿನ ಸುತ್ತ ಕೊಯ್ದರೆ ತೊಟ್ಟಿಗೆ ರಕ್ತ ಸಾಲದೆ ಕಪ್ಪಾಗಬಹುದು. ಬೀಡಿ, ಸಿಗರೇಟಷ್ಟೇ ಅಲ್ಲ, ಎಲೆಅಡಿಕೆ ಜೊತೆಗಿನ ಹೊಗೆಸೊಪ್ಪೂ ಕನಿಷ್ಠ 4 ವಾರ ಮೊದಲೇ ನಿಲ್ಲಬೇಕು. ನಿಕೋಟಿನ್ ರಕ್ತನಾಳ ಬಿಗಿ ಮಾಡುತ್ತೆ.

ಇಂಪ್ಲಾಂಟ್ ಯಾವ ಬಗೆಯದು ಅಂತ ಬರೆದಿರೋ ಹಳೇ ಕಾರ್ಡ್ ಹುಡುಕಿಡಿ. ಇಂಪ್ಲಾಂಟ್ ಮೇಲ್ಮೈ ಒರಟಾಗಿದ್ದು, ಸುತ್ತ ನೀರು ತುಂಬಿ ಊದಿದ್ದರೆ ಆ ನೀರನ್ನ ಆಪರೇಷನ್‌ಗೆ ಮೊದಲೇ ಪರೀಕ್ಷೆಗೆ ಕಳಿಸಬೇಕು, ಲಿಂಫೋಮಾ ಅನ್ನೋ ಅಪರೂಪದ ಕ್ಯಾನ್ಸರ್ ಇಲ್ಲ ಅಂತ ಖಾತ್ರಿಯಾಗಲಿ.

ಆಪರೇಷನ್ ಆದ ಮೇಲೆ ಡ್ರೈನ್ (ಒಳಗಿನ ನೀರು ಹೊರಗೆ ಹರಿಸೋ ಕೊಳವೆ) ಇಟ್ಟರೆ ಬೆಳಗ್ಗೆ, ಸಂಜೆ ಅಳತೆ ಬರೆದಿಡಿ. 24 ಗಂಟೆಗೆ ಸುಮಾರು 30 ಎಂಎಲ್‌ಗಿಂತ ಕಮ್ಮಿಯಾದ ಮೇಲೆ ತೆಗೀತಾರೆ. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್ 6 ವಾರ ಮುಟ್ಟೋದು ಬೇಡ. ಒಂದೇ ಕಡೆ ದಿಢೀರ್ ಊದಿಕೊಂಡು ಗಟ್ಟಿಯಾದರೆ ಒಳಗೆ ರಕ್ತ ಕಟ್ಟಿರಬಹುದು, ಬೆಳಗಾಗಲಿ ಅಂತ ಕಾಯದೆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.